ಲಕ್ಕುಂಡಿಯ ಕೆತ್ತನೆಗೆ ಲೇಸರ್ ಬೇಕೇ?

ಪರ

ಲಕ್ಕುಂಡಿಯ ಕಾಶಿವಿಶ್ವನಾಥ ಗುಡಿಯ ಬಾಗಿಲವಾಡವನ್ನು ಹತ್ತಿರದಿಂದ ನೋಡಿ. ಬಳ್ಳಿಯ ಸುರುಳಿ, ಸುರುಳಿಯೊಳಗೆ ಬೆರಳ ತುದಿಯೂ ಹೋಗದಂಥ ಸಂದಿ. ಅಲ್ಲಿ ಧೂಳು, ಮಸಿ ಕೂತರೆ ತೆಗೆಯುವುದು ಹೇಗೆ? ತಂತಿ ಬ್ರಷ್ ಹಿಡಿದು ಉಜ್ಜಿದರೆ ಕೊಳೆಗಿಂತ ಮೊದಲು ಕೆತ್ತನೆಯೇ ಸವೆಯುತ್ತದೆ. ಬಳಪದ ಕಲ್ಲು ಅಷ್ಟು ಮೆತ್ತಗಿನದು. ಆಸಿಡ್ ಅಂತೂ ಬೇಡವೇ ಬೇಡ.

ಲೇಸರ್‌ನಿಂದ ಕೊಳೆ ತೆಗೆಯುವಾಗ ಉಜ್ಜುವ ಮಾತೇ ಇಲ್ಲ. ಕೆಲವೇ ನ್ಯಾನೊಸೆಕೆಂಡ್‌ಗಳ (ಸೆಕೆಂಡಿನ ನೂರು ಕೋಟಿಯಲ್ಲೊಂದು ಪಾಲು ಒಂದು ನ್ಯಾನೊಸೆಕೆಂಡ್) ಬೆಳಕಿನ ಏಟು ಬೀಳುತ್ತದೆ. ಮಸಿ ಅದನ್ನು ಹೀರಿ, ಕಾದು, ಪಟ್ಟನೆ ಸಿಡಿದು ಹೋಗುತ್ತದೆ. ಬಿಸಿ ಒಳಗೆ ಇಳಿಯುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ಎಲ್ಲಿ ಬೇಕೋ ಅಲ್ಲಿ ಮಾತ್ರ ಬೆಳಕು ಬಿಡಬಹುದು, ಸಾಕು ಅನಿಸಿದ ಕ್ಷಣ ನಿಲ್ಲಿಸಬಹುದು. ನೀರು, ರಾಸಾಯನಿಕ ಏನೂ ಕಲ್ಲಿಗೆ ಇಳಿಯುವುದಿಲ್ಲ. 1972ರಲ್ಲಿ ಅಮೆರಿಕದ ಭೌತವಿಜ್ಞಾನಿ ಜಾನ್ ಆಸ್ಮಸ್ ವೆನಿಸ್‌ಗೆ ಹೋದದ್ದು ಶಿಲ್ಪಗಳ ಹೊಲೊಗ್ರಾಮ್, ಅಂದರೆ ಲೇಸರ್ ಬೆಳಕಿನ ಮೂರು ಆಯಾಮದ ಚಿತ್ರ, ತೆಗೆಯಲು. ಅಲ್ಲೇ ಅವರು ಅಮೃತಶಿಲೆಯ ಕಪ್ಪು ಪದರಿನ ಮೇಲೆ ಲೇಸರ್ ಬಿಟ್ಟು ನೋಡಿದರು. ಮುಂದೆ ಅಥೆನ್ಸ್‌ನ ಪುರಾತನ ಗುಡಿ ಪಾರ್ಥೆನಾನ್‌ನ ಶಿಲ್ಪಗಳಿಗೂ ಇದೇ ವಿದ್ಯೆ ಬಂತು. ಪಾರ್ಥೆನಾನ್‌ಗೆ ಸಿಕ್ಕ ಆರೈಕೆ ನಮ್ಮ ಗದಗ ಸೀಮೆಯ ಗುಡಿಗಳಿಗೆ ಯಾಕೆ ಸಿಗಬಾರದು?

ವಿರೋಧ

ಆರೈಕೆ ಸಿಗಲಿ. ಆದರೆ ಪಾರ್ಥೆನಾನ್ ಬಿಳಿ ಕಲ್ಲು, ನಮ್ಮದು ಕಪ್ಪು. ಇಡೀ ವಾದ ನಿಂತಿರುವುದು ಇಲ್ಲೇ.

ಅಮೃತಶಿಲೆಯ ಮೇಲೆ ಲೇಸರ್ ಸುರಕ್ಷಿತ ಅನ್ನುವುದಕ್ಕೆ ಒಂದು ಕಾರಣವಿದೆ. ಕಪ್ಪು ಮಸಿ ಬೆಳಕನ್ನು ಹೀರುತ್ತದೆ, ಬಿಳಿ ಕಲ್ಲು ವಾಪಸ್ ಚೆಲ್ಲುತ್ತದೆ. ಮಸಿ ಹೋದ ಮೇಲೆ ಸವೆತ ಬಹುಮಟ್ಟಿಗೆ ತಾನಾಗಿಯೇ ನಿಲ್ಲುತ್ತದೆ. ಹಸಿರುಗಪ್ಪು ಬಳಪದ ಕಲ್ಲಿನಲ್ಲಿ ಆ ಭರವಸೆ ಎಲ್ಲಿದೆ? ಮಸಿಯ ಜೊತೆ ಕಲ್ಲೂ ಬೆಳಕನ್ನು ಹೀರುತ್ತದೆ. ಹಳೇ ಸುಣ್ಣದ ಬಳಿತ ತೆಗೆಯಬೇಕಾದರೆ ಇನ್ನೂ ಕಷ್ಟ. ಅಲ್ಲಿ ಲೆಕ್ಕವೇ ತಿರುಗುಮುರುಗು: ಹೋಗಬೇಕಾದ ಸುಣ್ಣ ಬಿಳಿ, ಉಳಿಯಬೇಕಾದ ಕಲ್ಲು ಕಪ್ಪು.

ಬಿಳಿ ಕಲ್ಲಿನಲ್ಲೂ ಎಲ್ಲ ಸಲೀಸಾಗಿರಲಿಲ್ಲ. 1064 ನ್ಯಾನೊಮೀಟರ್ ತರಂಗಾಂತರದ, ಕಣ್ಣಿಗೆ ಕಾಣದ ಅವಕೆಂಪು ಬೆಳಕೊಂದನ್ನೇ ಬಳಸಿದರೆ ಕಲ್ಲು ಹಳದಿಯಾಗಿ ಕಾಣುವ ತೊಂದರೆ ಇತ್ತು. ಅದಕ್ಕೇ ಪಾರ್ಥೆನಾನ್ ಕೆಲಸದಲ್ಲಿ 355 ನ್ಯಾನೊಮೀಟರ್‌ನ ನೇರಳಾತೀತ ಬೆಳಕನ್ನೂ ಬೆರೆಸಿದರು. ಬಣ್ಣ ಹಚ್ಚಿದ ಕಡೆ ಇನ್ನೂ ಜಾಸ್ತಿ ಎಚ್ಚರ ಬೇಕು. ಪಾದರಸದ ಕೆಂಪು ಬಣ್ಣ ಇಂಗಳೀಕಕ್ಕೆ ಲೇಸರ್ ತಾಗಿದರೆ ಕಪ್ಪಾಗಿಬಿಡುತ್ತದೆ. ಆಮೇಲೆ ಅದನ್ನು ಕೆಂಪು ಮಾಡುವವರು ಯಾರು?

ಸಂದಿಯಲ್ಲಿರುವ ಕೊಳೆಗೆ ಬ್ರಷ್ ಬೇಡ ಅನ್ನುವ ಮಾತು ನನಗೂ ಒಪ್ಪಿಗೆ, ತಂತಿ ಬ್ರಷ್ ಕಂಡರೆ ನನಗೂ ಸಂಕಟವಾಗುತ್ತದೆ. ಆದರೆ ಅತ್ತಿಮಬ್ಬೆ 1007ರಲ್ಲಿ ಕಟ್ಟಿಸಿದ ಬ್ರಹ್ಮ ಜಿನಾಲಯ ಇದೇ ಊರಿನಲ್ಲಿದೆ. ಸಾವಿರ ವರ್ಷದ ಗೋಡೆಯ ಮೇಲೆ ಸುಮ್ನೆ ಕೈ ಪಳಗಿಸಿಕೊಳ್ಳಲು ಆಗಲ್ಲ ಅಲ್ವಾ? ಚಾವಣಿ ಸೋರುತ್ತಿದ್ದರೆ ಪಾಚಿ ತೆಗೆದಷ್ಟೂ ಮತ್ತೆ ಬರುತ್ತದೆ. ಮೊದಲು ಸೋರಿಕೆ ನಿಲ್ಲಿಸಲಿ. ಲೇಸರ್ ಬಳಸಲೇಬೇಕೆಂದರೆ ಅದೇ ಜಾತಿಯ ಕಲ್ಲಿನ ಹೊಸ ತುಂಡು ತಂದು, ದೀಪದ ಮಸಿ ಹಿಡಿಸಿ, ಅದರ ಮೇಲೆ ಪರೀಕ್ಷೆ ಮಾಡಲಿ. ಆ ತುಂಡನ್ನು ಸೂಕ್ಷ್ಮದರ್ಶಕದಲ್ಲಿ ನೋಡಿದ ಫಲಿತಾಂಶವನ್ನು ಊರವರ ಮುಂದೆ ಇಡಲಿ. ಅಲ್ಲಿಯವರೆಗೆ ಬಾಗಿಲವಾಡದ ಹತ್ತಿರ ಯಂತ್ರ ತರುವುದು ಬೇಡ.