ಟ್ರೇ ಹಿಡಿಯೋಕೆ ಮೂರು ಸುತ್ತಿನ ಇಂಟರ್‌ವ್ಯೂ

ಜುಲೈ ತಿಂಗಳಲ್ಲಿ ಮಡಿಕೇರಿಯಲ್ಲಿ ಇಂಟರ್‌ವ್ಯೂ ಇಡುವವರಿಗೆ ಮೊದಲು ಒಂದು ಸಲಾಮು. ಇಸ್ತ್ರಿ ಶರ್ಟು, ಟೈ, ಹೊಳೆಯೋ ಶೂ ಇದ್ದರೆ ಅರ್ಧ ಕೆಲಸ ಸಿಕ್ಕ ಹಾಗೇ ಅಂತ ಟ್ರೈನಿಂಗ್ ಕೊಡುವವರು ಹೇಳುತ್ತಾರೆ. ಸರಿ, ಭಾಗಮಂಡಲದ ಕಡೆಯಿಂದ ಜಡಿಮಳೆಯಲ್ಲಿ ಬಸ್ಸು ಹತ್ತಿ, ನೆಂದ ಕೊಡೆಯನ್ನು ತೊಡೆ ಮೇಲಿಟ್ಟುಕೊಂಡು ಬಂದ ಹುಡುಗನ ಶೂ ಹೊಳೆಯಬೇಕು. ಸಾಕ್ಸ್ ಒಳಗೆ ಜಿಗಣೆ ಹೊಟ್ಟೆ ತುಂಬಿಸಿಕೊಳ್ಳುತ್ತಿದ್ದರೂ ಮುಖದಲ್ಲಿ ಆತ್ಮವಿಶ್ವಾಸದ ನಗು ಇರಬೇಕು.

ಕೆಲಸ ಏನು ಅಂತೀರಾ? ರೆಸಾರ್ಟಿನಲ್ಲಿ ಬ್ಯಾಗು ಹೊತ್ತು, ಟ್ರೇಯಲ್ಲಿ ಕಾಫಿ ಕೊಡೋದು.

'ನಿಮ್ಮ ವೀಕ್‌ನೆಸ್ ಏನು?' ಅಂತ ಕೇಳುತ್ತಾರೆ. ಹುತ್ತರಿ ಹಬ್ಬಕ್ಕೆ ರಜೆ ಬೇಕೇ ಬೇಕು ಅಂದರೆ ಕಥೆ ಮುಗೀತು. 'ಕೆಲಸ ಹಿಡಿದರೆ ಊಟ ಮರೆತುಬಿಡ್ತೀನಿ ಸಾರ್' ಅನ್ನಬೇಕು. ಹೇಳಿದವನಿಗೂ ಕೇಳಿದವನಿಗೂ ಸುಳ್ಳು ಅಂತ ಗೊತ್ತು, ಆದರೂ ಇಬ್ಬರೂ ಗಂಭೀರವಾಗಿ ತಲೆ ಆಡಿಸುತ್ತಾರೆ. ಐದು ವರ್ಷ ಆದ ಮೇಲೆ ಎಲ್ಲಿರ್ತೀರಿ ಅಂದರೆ ಬೆಂಗಳೂರು ಅನ್ನೋ ಹಾಗಿಲ್ಲ, ನಿಜವಾದರೂ.

ನನಗೆ ಜಾಸ್ತಿ ಇಷ್ಟವಾದ ಪ್ರಶ್ನೆ ಬೇರೆ ಇದೆ. 'ನಿಮಗೆ ಕಾಫಿ ಬಗ್ಗೆ ಪ್ಯಾಶನ್ ಇದೆಯಾ?' ಕೇಳುವವರು ಹೋದ ತಿಂಗಳು ಬೇರೆ ರಾಜ್ಯದಿಂದ ಬಂದು ಕುರ್ಚಿ ಹಿಡಿದವರು. ಎದುರಿಗಿರುವವನು ಕಣದಲ್ಲಿ ಕಾಫಿ ಹರವಿ, ಮೋಡ ಕಂಡರೆ ಶಾಲೆಯ ಹೋಂವರ್ಕ್ ಬಿಟ್ಟು ಓಡಿಹೋಗಿ ಟಾರ್ಪಾಲು ಮುಚ್ಚಿ ಬೆಳೆದವನು. ಅವನಿಗೆ ಪ್ಯಾಶನ್ ಇದೆಯೋ ಇಲ್ಲವೋ ಗೊತ್ತಿಲ್ಲ, ಬೆನ್ನು ನೋವಂತೂ ಇದೆ. ಉತ್ತರ ಕೇಳಿ 'ಐ ಕಾಂಟ್ಯಾಕ್ಟ್ ಕಮ್ಮಿ' ಅಂತ ಬರೆದುಕೊಳ್ಳುತ್ತಾರೆ.

ಸೇನೆಯ ಮುಖ್ಯಸ್ಥರಾಗಿದ್ದ ಕಾರ್ಯಪ್ಪ, ತಿಮ್ಮಯ್ಯನವರ ಜಿಲ್ಲೆ ಇದು. ಸೇನೆಗೆ ಸೇರುವ ಹುಡುಗನನ್ನು 1.6 ಕಿ.ಮೀ. ಓಡಿಸಿ ನೋಡುತ್ತಾರೆ, ಓಟದ ಬಗ್ಗೆ ನಿಮ್ಮ ಕನಸೇನು ಅಂತ ಕೇಳಲ್ಲ. ಕೇಂದ್ರ ಸರ್ಕಾರ ಕೂಡ 2016ರ ಜನವರಿ 1ರಿಂದ ಗ್ರೂಪ್ ಸಿ, ಡಿ ಮತ್ತು ಗೆಜೆಟೆಡ್ ಅಲ್ಲದ ಗ್ರೂಪ್ ಬಿ ಹುದ್ದೆಗಳಿಗೆ ಇಂಟರ್‌ವ್ಯೂ ತೆಗೆದುಹಾಕಿತು. ಸರ್ಕಾರಕ್ಕೇ ಸಾಕಾಗಿದ್ದು ರೆಸಾರ್ಟಿನವರಿಗೆ ಇನ್ನೂ ಸಾಕಾಗಿಲ್ಲ.

ಕೊನೆಗೆ 'ನಿಮಗೇನಾದರೂ ಕೇಳೋದಿದೆಯಾ?' ಅಂತಾರೆ. ಇದೆ, ಸಂಬಳ ಎಷ್ಟು ಅಂತ. ಆದರೆ ಅದೊಂದನ್ನು ಮಾತ್ರ ಕೇಳಬಾರದಂತೆ, ದುಡ್ಡಿನ ಆಸೆ ಅಂದುಕೊಳ್ಳುತ್ತಾರಂತೆ! ದುಡ್ಡಿಗಲ್ಲದೆ ಇನ್ಯಾಕೆ ಬರ್ತಾರೆ, ಸುಮ್ನೆ ಮಳೆ ನೋಡೋಕಾ?

ಆಮೇಲೆ ಇಮೇಲ್ ಕಳಿಸ್ತೀವಿ, ಒಂದು ಗಂಟೆಯೊಳಗೆ ಉತ್ತರ ಕೊಡದಿದ್ದರೆ ಆಸಕ್ತಿ ಇಲ್ಲ ಅಂದುಕೊಳ್ತೀವಿ ಅನ್ನುತ್ತಾರೆ. ಹುಡುಗನ ಊರಲ್ಲಿ ಮರ ಬಿದ್ದು ಕರೆಂಟು ಹೋಗಿ ನಾಲ್ಕು ದಿನ ಆಯ್ತು, ಟವರೂ ಸತ್ತಿದೆ.