ಹಿಮ ಬೀಳದಿದ್ದರೂ ರಬ್ಬರಿಗೆ ಚಳಿಯಾಗುತ್ತದೆ

ನಿನ್ನೆ ಉಡುಪಿಯಲ್ಲಿ ಸಂಬಂಧಿಕರ ಮನೆಯ ಪೂಜೆಯ ಊಟಕ್ಕೆ ಕುಳಿತಿದ್ದಾಗ, ಪಾಯಸಕ್ಕಿಂತ ಮೊದಲು ಒಂದು ಮೊಬೈಲು ಪಂಕ್ತಿಯಲ್ಲಿ ಎಡಗೈಯಿಂದ ಎಡಗೈಗೆ ಸಾಗಿ ನನ್ನ ಬಳಿಗೆ ಬಂತು. ಮ್ಯೂನಿಕ್‌ನಲ್ಲಿ ಉದ್ಯೋಗದಲ್ಲಿದ್ದು ಈಗ ರಜೆಯಲ್ಲಿ ಊರಿಗೆ ಬಂದಿರುವ ಹುಡುಗನೊಬ್ಬನ ವೀಡಿಯೊ ಅದು. 300ಕ್ಕೂ ಹೆಚ್ಚು ಅಶ್ವಶಕ್ತಿಯ ರಿಯರ್ ವೀಲ್ ಡ್ರೈವ್ (ಇಂಜಿನ್ನಿನ ಬಲ ಹಿಂದಿನ ಚಕ್ರಗಳಿಗೆ ಹೋಗುವ) ಕಾರು, ಬೆಳಗ್ಗೆ 3 ಡಿಗ್ರಿ ಚಳಿ, ಸರ್ಕಲ್ ದಾಟುವಾಗ ಕಾರಿನ ಹಿಂಭಾಗ ಸರ್ರನೆ ಪಕ್ಕಕ್ಕೆ ಜಾರಿ, ಹೇಗೋ ಮತ್ತೆ ಸಾಲಿಗೆ ಬರುತ್ತದೆ. ಪಂಕ್ತಿಯೆಲ್ಲ ಮೆಚ್ಚಿಕೊಂಡಿತು. ನಾನು ಮಾತ್ರ, ನನ್ನ ಸ್ವಭಾವ ನಿಮಗೆ ತಿಳಿದದ್ದೇ, "ಟಯರ್ ಯಾವುದು ಮಾರಾಯ?" ಎಂದು ಕೇಳಿದೆ.

"ಬೇಸಿಗೆಯದ್ದೇ ಮಾವ. ಹಿಮ ಎಲ್ಲಿ ಬಿದ್ದಿದೆ? ರಸ್ತೆ ಒಣಗಿಯೇ ಉಂಟಲ್ಲ!"

ಈ ಒಂದು ಉತ್ತರ ನನ್ನ ಊಟದ ರುಚಿಯನ್ನೇ ಕೆಡಿಸಿತು. ನನ್ನ ಜರ್ಮನಿಯ ಪುರಾಣ ಕೇಳಿ ನಿಮಗೆಲ್ಲ ಸಾಕಾಗಿದೆ ಎಂಬುದನ್ನು ಬಲ್ಲೆ. ಆದರೂ ಅಲ್ಲಿ ವಾಹನಗಳ ಬಿಡಿಭಾಗಗಳ ನಡುವೆಯೇ ಯೌವನ ಕಳೆದವನಿಗೆ ಇಷ್ಟು ಹೇಳುವ ಹಕ್ಕಾದರೂ ಇದೆ ಎಂದುಕೊಂಡು ಬರೆಯುತ್ತಿದ್ದೇನೆ. ಚಳಿಗಾಲದ ಟಯರ್ ಬೇಕಾಗುವುದು ಹಿಮ ಬಿದ್ದಾಗ ಮಾತ್ರ ಎಂಬ ನಂಬಿಕೆ ತಪ್ಪು. ಸುಮಾರು 7 ಡಿಗ್ರಿಗಿಂತ ಕೆಳಗೆ, ಒಣಗಿದ ರಸ್ತೆಯಲ್ಲಿಯೂ, ಬೇಸಿಗೆಯ ಟಯರ್ ತನ್ನ ಹಿಡಿತವನ್ನು ಕಳೆದುಕೊಳ್ಳತೊಡಗುತ್ತದೆ. ಯುರೋಪಿನ ಟಯರ್ ತಯಾರಕರೇ ವರ್ಷ ವರ್ಷ ಈ ಮಾತನ್ನು ಹೇಳಿ ಹೇಳಿ ದಣಿದಿದ್ದಾರೆ.

ನಮ್ಮ ಮನೆಗಳಲ್ಲಿ ಜನವರಿಯ ಮುಂಜಾನೆ ಬಾಟಲಿಯೊಳಗಿನ ತೆಂಗಿನೆಣ್ಣೆ ಬೆಳ್ಳಗೆ ಗಟ್ಟಿಯಾಗುವುದನ್ನು ಎಲ್ಲರೂ ನೋಡಿದ್ದೇವೆ. ಅದಕ್ಕೆ ಹಿಮ ಬೀಳಬೇಕಾಗಿಲ್ಲ, 24 ಡಿಗ್ರಿಗಿಂತ ಕೆಳಗಿಳಿದರೆ ಸಾಕು. ರಬ್ಬರೂ ತಂಪಿಗೆ ಬಿಗಿಯಾಗುತ್ತದೆ, ಆದರೆ ಬಣ್ಣ ಬದಲಿಸಿ ಎಚ್ಚರಿಕೆ ಕೊಡುವುದಿಲ್ಲ. ಟಯರ್ ರಸ್ತೆಯನ್ನು ಹಿಡಿಯುವುದು ಡಾಂಬರಿನ ಸಣ್ಣ ಸಣ್ಣ ಉಬ್ಬುತಗ್ಗುಗಳೊಳಗೆ ಅದರ ರಬ್ಬರು ಇಳಿದು, ಬಾಗಿ, ಮತ್ತೆ ಮೊದಲಿನ ಆಕಾರಕ್ಕೆ ಬರುವುದರಿಂದ. ಬಿಗಿಯಾದ ರಬ್ಬರು ಒಳಗಿಳಿಯದೆ ಉಬ್ಬುಗಳ ಮೇಲಷ್ಟೇ ಸವರಿಕೊಂಡು ಹೋಗುತ್ತದೆ. ಅತಿವೇಗದ ಕಾರುಗಳಿಗೆಂದೇ ತಯಾರಾದ ಬೇಸಿಗೆಯ ಟಯರುಗಳ ಪೈಕಿ ಕೆಲವನ್ನು ಶೂನ್ಯಕ್ಕಿಂತ ಕೆಳಗಿನ ತಾಪಮಾನದಲ್ಲಿ ಓಡಿಸಿದರೆ ರಬ್ಬರಿನ ಮೇಲ್ಮೈ ಬಿರುಕು ಬಿಡಬಹುದೆಂದು ತಯಾರಕರು ಲಿಖಿತವಾಗಿಯೇ ಎಚ್ಚರಿಸುತ್ತಾರೆ. ನಮ್ಮ ಹುಡುಗ ಕೈಪಿಡಿಯಲ್ಲಿ ಓದಿದ್ದು ಬಹುಶಃ ಬ್ಲೂಟೂತ್ ಜೋಡಿಸುವ ಪುಟ ಒಂದನ್ನೇ ಇರಬೇಕು.

ಪಂಕ್ತಿಯಲ್ಲಿ ಅವನನ್ನು ಎಲ್ಲರಿಗಿಂತ ಜೋರಾಗಿ ಹೊಗಳಿದವರು ಬೆಳ್ತಂಗಡಿಯ ಕಡೆ ರಬ್ಬರ್ ತೋಟ ಮಾಡಿಕೊಂಡಿರುವ ನನ್ನ ಭಾವ ಎಂಬುದು ನನ್ನ ಸಿಟ್ಟನ್ನು ಇಮ್ಮಡಿಗೊಳಿಸಿತು. ಭಾವ, ನಿಮ್ಮ ಮರದಿಂದ ಇಳಿಯುವ ಹಾಲಿನ ಸಹಜ ರಬ್ಬರು ಗಾಜಿನಂತೆ ಪೆಡಸಾಗಬೇಕಾದರೆ ತಾಪಮಾನ ಸುಮಾರು ಮೈನಸ್ 70 ಡಿಗ್ರಿಗೆ ಇಳಿಯಬೇಕು. ಚಳಿಗಾಲದ ಟಯರುಗಳಲ್ಲಿ ಸಹಜ ರಬ್ಬರಿನ ಪಾಲನ್ನು ಹೆಚ್ಚಿಸುವುದಕ್ಕೆ ಇದೂ ಒಂದು ಕಾರಣ. ಅವುಗಳ ಮೈಮೇಲೆ ಬ್ಲೇಡಿನಿಂದ ಕೊಯ್ದಂತೆ ಕಾಣುವ ನೂರಾರು ಸೂಕ್ಷ್ಮ ಸೀಳುಗಳಿದ್ದು, ಅವುಗಳ ಅಂಚುಗಳು ಜಾರುವ ನೆಲವನ್ನು ಕಚ್ಚಿ ಹಿಡಿಯುತ್ತವೆ. ಬೇಸಿಗೆಯ ಟಯರಿನಲ್ಲಿ ಕೃತಕ ರಬ್ಬರಿನ ಮಿಶ್ರಣ ಬೇರೆ. ಕಾದ ರಸ್ತೆಯಲ್ಲಿ ವೇಗವಾಗಿ ತಿರುಗುವಾಗ ಆಕಾರ ಕೆಡದೆ ನಿಲ್ಲಬೇಕೆಂದು ಮಾಡಿದ ವಸ್ತು ಅದು. ಅದನ್ನು ಅದರ ಋತುವಿನಲ್ಲಿ ಬಳಸಿದರೆ ಅದಕ್ಕೆ ಸಾಟಿಯಿಲ್ಲ. ನನ್ನ ಜಗಳ ಟಯರಿನೊಂದಿಗಲ್ಲ, ಕ್ಯಾಲೆಂಡರ್ ನೋಡದವನೊಂದಿಗೆ.

ಇದರ ಮೇಲೆ ರಿಯರ್ ವೀಲ್ ಡ್ರೈವ್ ಬೇರೆ. ಒಂದೊಂದು ಟಯರು ನೆಲವನ್ನು ಮುಟ್ಟುವುದು ಸರಿಸುಮಾರು ಒಂದು ಅಂಗೈಯಷ್ಟು ಜಾಗದಲ್ಲಿ ಮಾತ್ರ, ಮತ್ತು ಆ ಜಾಗದ ಹಿಡಿತಕ್ಕೆ ಒಂದು ಮಿತಿಯಿದೆ. ಕಾರನ್ನು ಮುಂದಕ್ಕೆ ತಳ್ಳುವುದಕ್ಕೆ ಎಷ್ಟು ಖರ್ಚಾಯಿತೋ, ಪಕ್ಕಕ್ಕೆ ಜಾರದಂತೆ ತಡೆಯುವುದಕ್ಕೆ ಅಷ್ಟು ಕಡಿಮೆ ಉಳಿಯುತ್ತದೆ. ಹಿಂದಿನ ಚಕ್ರಗಳಿಗೆ ಬಲ ಕೊಡುವ ಕಾರಿನಲ್ಲಿ ತಿರುವಿನ ನಡುವೆ ಆಕ್ಸಿಲರೇಟರನ್ನು ಸ್ವಲ್ಪ ಹೆಚ್ಚು ಒತ್ತಿದರೂ ಆ ಉಳಿಕೆ ಮುಗಿದು ಹಿಂಭಾಗ ಹೊರಗೆ ಬೀಸುತ್ತದೆ. ಗಾಬರಿಯಿಂದ ಕಾಲನ್ನು ಥಟ್ಟನೆ ತೆಗೆದರೆ ಭಾರವೆಲ್ಲ ಮುಂದಕ್ಕೆ ವಾಲಿ ಹಿಂದಿನ ಚಕ್ರಗಳು ಇನ್ನಷ್ಟು ಹಗುರಾಗುತ್ತವೆ. ಒತ್ತಿದರೂ ಕಷ್ಟ, ಬಿಟ್ಟರೂ ಕಷ್ಟ. ತಮಾಷೆಯೆಂದರೆ, ತಣ್ಣನೆಯ ಗಾಳಿ ಸಾಂದ್ರವಾಗಿರುವುದರಿಂದ ಇಂಜಿನ್ ಅಂತಹ ಮುಂಜಾನೆಗಳಲ್ಲಿ ಇನ್ನೂ ಉತ್ಸಾಹದಿಂದ ಬಲ ಕೊಡುತ್ತದೆ. ಹಿಡಿತ ಕಡಿಮೆಯಾದ ಹೊತ್ತಿಗೆ ಸರಿಯಾಗಿ ಶಕ್ತಿ ಹೆಚ್ಚುತ್ತದೆ. ಸಾಲದ್ದಕ್ಕೆ, ತಾಪಮಾನ 10 ಡಿಗ್ರಿ ಇಳಿದರೆ ಟಯರಿನ ಗಾಳಿಯ ಒತ್ತಡವೂ ಸುಮಾರು 1.5 ಪಿಎಸ್‌ಐ ಕುಸಿಯುತ್ತದೆ, ಅದನ್ನೂ ಯಾರೂ ನೋಡುವುದಿಲ್ಲ.

ಹಿರಿಯರೊಬ್ಬರು ನಡುವೆ ಬಾಯಿ ಹಾಕಿ, "ನಾವು ಅಂಬಾಸಿಡರಿನಲ್ಲಿ ಮಳೆಗಾಲದಲ್ಲಿ ಆಗುಂಬೆ ಹತ್ತಿದವರು, ಅದೂ ಹಿಂದಿನ ಚಕ್ರದ ಗಾಡಿಯೇ ಅಲ್ವಾ?" ಎಂದರು. ಹೌದು, ಹತ್ತಿದ್ದೀರಿ. ಆ ಡೀಸೆಲ್ ಅಂಬಾಸಿಡರಿಗೆ ಇದ್ದದ್ದು 40 ಅಶ್ವಶಕ್ತಿಯ ಆಸುಪಾಸು. ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಅದು ಜಾರಲಿಲ್ಲವೆಂದರೆ ಜಾರುವಷ್ಟು ತ್ರಾಣ ಅದಕ್ಕೆ ಇರಲಿಲ್ಲ. ಅಲ್ಲದೆ ಮಂಗಳೂರು, ಉಡುಪಿಗಳ ಕಡು ಚಳಿಗಾಲವೆಂದರೂ ಪಾದರಸ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ನಮ್ಮ ಟಯರುಗಳಿಗೆ ಜೀವಮಾನದಲ್ಲಿ ಒಮ್ಮೆಯೂ 7 ಡಿಗ್ರಿಯ ದರ್ಶನವಾಗುವುದಿಲ್ಲ. ಆದುದರಿಂದಲೇ ಟಯರಿಗೆ ಋತುವಿದೆ ಎಂಬ ಕಲ್ಪನೆಯೇ ನಮಗಿಲ್ಲ, ಮತ್ತು ಆ ಕಲ್ಪನೆಯಿಲ್ಲದ ತಲೆಯನ್ನು ಹಾಗೆಯೇ ವಿಮಾನ ಹತ್ತಿಸಿ ಕಳುಹಿಸುತ್ತೇವೆ.

ಹುಡುಗನ ಕೊನೆಯ ಅಸ್ತ್ರ, ಕಾರಿನಲ್ಲಿ ಜಾರುವಿಕೆ ತಡೆಯುವ ಎಲೆಕ್ಟ್ರಾನಿಕ್ ವ್ಯವಸ್ಥೆ ಇದೆಯೆಂಬುದು. ಇದೆ, ಮತ್ತು ಅದು ಬಹಳ ಒಳ್ಳೆಯ ವ್ಯವಸ್ಥೆ. 1995ರಲ್ಲಿ ಬಾಷ್ ಮತ್ತು ಮರ್ಸಿಡಿಸ್ ಸೇರಿ ಅದನ್ನು ಮಾರುಕಟ್ಟೆಯ ಕಾರಿಗೆ ತಂದ ಮೇಲೆ ಎಷ್ಟೋ ಜೀವಗಳು ಉಳಿದಿವೆ. ಆದರೆ ಅದು ಮಾಡುವುದು ಇಂಜಿನ್ನಿನ ಬಲ ತಗ್ಗಿಸಿ, ಬೇಕಾದ ಚಕ್ರಕ್ಕೆ ಮಾತ್ರ ಬ್ರೇಕ್ ಹಾಕಿ, ಇರುವ ಹಿಡಿತವನ್ನು ಹಂಚುವ ಕೆಲಸವನ್ನಷ್ಟೇ. ಹೊಸ ಹಿಡಿತವನ್ನು ಅದು ಎಲ್ಲಿಂದ ತರಬೇಕು? ನಿಧಾನ ಓಡಿಸಿದರಾಯಿತು ಎಂಬ ವಾದಕ್ಕೂ ಇದೇ ಉತ್ತರ: ನೀನು ನಿಧಾನವಾಗಿ ಹೋಗಬಹುದು, ಎದುರಿಗೆ ಸೈಕಲ್ಲಿನಲ್ಲಿ ಅಡ್ಡ ಬರುವ ಮಗುವಿಗೆ ನಿನ್ನ ಟಯರಿನ ವಿಷಯ ಗೊತ್ತಿರುವುದಿಲ್ಲ.

ಜರ್ಮನಿಯ ಕಾನೂನು ಅವನ ಪರವಾಗಿದೆ ಎಂಬುದನ್ನು ಮುಚ್ಚಿಡಲಾರೆ. ಅಲ್ಲಿ ಚಳಿಗಾಲದ ಟಯರ್ ಕಡ್ಡಾಯವಾಗುವುದು ಹಿಮ, ಮಂಜುಗಡ್ಡೆ, ಕೆಸರುಹಿಮ ಇರುವ ರಸ್ತೆಯಲ್ಲಿ ಮಾತ್ರ; ಕೆನಡಾದ ಕ್ವಿಬೆಕ್‌ನಂತೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಎಂಬ ನಿಗದಿತ ದಿನಾಂಕವಿಲ್ಲ. ಸಿಕ್ಕಿಬಿದ್ದರೆ 60 ಯೂರೊ ದಂಡ, ಲೈಸೆನ್ಸಿಗೆ ಒಂದು ದಂಡದ ಪಾಯಿಂಟ್. ಸಂಚಾರಕ್ಕೆ ಅಡ್ಡಿಯಾದರೆ 80 ಯೂರೊ. ಹಾಗಿದ್ದರೂ ಅಲ್ಲಿನ ಸಾಮಾನ್ಯ ಜನ ಅಕ್ಟೋಬರಿನಿಂದ ಈಸ್ಟರ್‌ವರೆಗೆ ಎಂದು ತಾವೇ ರೂಢಿ ಮಾಡಿಕೊಂಡು, ಯಾರೂ ಹೇಳದೆ ಟಯರ್ ಬದಲಿಸುತ್ತಾರೆ. ನಮ್ಮವನು ಮಾತ್ರ ಕಾನೂನಿನ ಸಂದಿಯನ್ನು ಹುಡುಕಿಕೊಂಡು ಕುಳಿತಿದ್ದಾನೆ.

ಇಷ್ಟೆಲ್ಲ ಬೈಯುವುದರ ಹಿಂದೆ ಸ್ವಲ್ಪ ಹೊಟ್ಟೆಕಿಚ್ಚೂ ಇದೆ. ಹಿಂದಿನ ಚಕ್ರಗಳು ತಳ್ಳುವ ಕಾರಿನ ಸ್ಟೀರಿಂಗಿನಲ್ಲಿ ಒಂದು ಹಗುರವಾದ ಸುಖವಿದೆ, ಅದಕ್ಕೆ ನನಗೂ ಆಸೆಯಿದೆ, ನನ್ನ ಮನೆಯ ಅಂಗಳದಲ್ಲಿ ನಿಂತಿರುವುದೋ ಕುಟುಂಬಸ್ಥರ ಹ್ಯಾಚ್‌ಬ್ಯಾಕು. ಅಂತಹ ಕಾರನ್ನು ಸಿಕ್ಕವನು ಮಣ್ಣುಪಾಲು ಮಾಡಲು ಹೊರಟರೆ ಸುಮ್ಮನಿರುವುದಾದರೂ ಹೇಗೆ?

ಬೇಸಿಗೆಗೊಂದು, ಚಳಿಗೊಂದು ಎಂದು ಎರಡು ಸೆಟ್ ಟಯರ್ ದುಬಾರಿ ಎಂದು ಅವನ ಅಪ್ಪ ಮೆಲ್ಲಗೆ ಹೇಳಿದರು. ಒಂದು ಸೆಟ್ ಓಡುವಾಗ ಇನ್ನೊಂದು ಸವೆಯುವುದಿಲ್ಲ, ಎರಡೂ ಸೇರಿ ಹೆಚ್ಚು ವರ್ಷ ಬರುತ್ತವೆ, ಮನೆಯಲ್ಲಿ ಜಾಗವಿಲ್ಲದವರ ಟಯರುಗಳನ್ನು ಅಲ್ಲಿನ ಅಂಗಡಿಯವರೇ ಬಾಡಿಗೆಗೆ ಇಟ್ಟುಕೊಳ್ಳುತ್ತಾರೆ ಎಂದು ವಿವರಿಸಿದೆ. ಆಮೇಲೆ ತಿಳಿದದ್ದು, ಹುಡುಗ ಕಾರಿನ ಸದ್ದು ಗಡುಸಾಗಲೆಂದು ಹೊಸ ಸೈಲೆನ್ಸರ್ ಹಾಕಿಸಿದ್ದಾನಂತೆ, ಅದರ ಬೆಲೆಯಲ್ಲಿ ನಾಲ್ಕು ಚಳಿಗಾಲದ ಟಯರೂ ಬಂದು ಫಿಟ್ಟಿಂಗಿಗೂ ದುಡ್ಡು ಉಳಿಯುತ್ತಿತ್ತು.