ಅರವತ್ತಕ್ಕೆ ಬರೋ ಸೌಂಡು

ನಮ್ಮನೇಲೊಂದು ಹದಿನೇಳು ವರ್ಷದ ಫೋರ್ ವೀಲ್ ಡ್ರೈವ್ ಪಿಕಪ್ ಇದೆ, ಕನಕಪುರದ ಹತ್ರ ತೋಟ, ಮಳೆಗಾಲದಲ್ಲಿ ಆ ಕೆಸರಿಗೆ ಬೇರೆ ಗಾಡಿ ಇಳಿಯಲ್ಲ ಅಂತ ಅಪ್ಪ ತಗೊಂಡಿದ್ದು. ಇತ್ತೀಚೆಗೆ ಅದಕ್ಕೆ ಎರಡು ಸೌಂಡ್ ಶುರುವಾಗಿತ್ತು. ರಿವರ್ಸ್ ಹಾಕಿದ್ರೆ ಕೆಳಗಿಂದ ಒಂದು 'ಠಣ್', ಅರವತ್ತು ದಾಟಿದ್ರೆ ಯಾರೋ ತಂಬೂರಿ ಶ್ರುತಿ ಮಾಡ್ತಿರೋ ಥರ 'ಊಂ'. ಠಣ್ಣನ್ನ ಯಾರೂ ತಲೆಗೆ ಹಚ್ಕೊಂಡಿರ್ಲಿಲ್ಲ, ಅಮ್ಮ ಅಂತೂ ಗೇಟಲ್ಲಿ ಠಣ್ ಅಂದ್ರೆ ದೋಸೆಗೆ ಕಾವಲಿ ಇಟ್ಬಿಡ್ತಿದ್ರು.

ಊಂಗೆ ನಾನೇ ಡಾಕ್ಟ್ರಾದೆ. ಸ್ಟೇರಿಂಗ್ ಬಲಕ್ಕೆ ತಿರುಗಿಸಿದ್ರೆ ಜಾಸ್ತಿ ಆಗುತ್ತೆ, ಅಂದ್ಮೇಲೆ ಬಲಗಡೆ ವೀಲ್ ಬೇರಿಂಗೇ ಹೋಗಿರೋದು ಅಂತ ತೀರ್ಮಾನ ಮಾಡಿ ಒಂದು ಗ್ಯಾರೇಜಲ್ಲಿ ಅದನ್ನ ಹಾಕಿಸ್ದೆ, ದುಡ್ಡೂ ಹೋಯ್ತು, ಊಂ ಹಾಗೇ ಇತ್ತು. ಆಮೇಲೆ ನಮ್ಮ ಹಳೇ ಮೆಕ್ಯಾನಿಕ್ಕನ್ನ ಪಕ್ಕದಲ್ಲಿ ಕೂರಿಸ್ಕೊಂಡು ಹೊರಟೆ. 'ಎಲ್ಲಿ ಸಾರ್ ಸೌಂಡು?' 'ಅರವತ್ತಕ್ಕೆ ಬರುತ್ತೆ.' ಬನಶಂಕರಿಯಿಂದ ಸಿಲ್ಕ್ ಬೋರ್ಡ್ ತನಕ ಹೋದ್ವಿ, ಮುಳ್ಳು ಇಪ್ಪತ್ತೆಂಟು ದಾಟ್ಲಿಲ್ಲ. ಈ ಊರಲ್ಲಿ ಅರವತ್ತು ಎಲ್ಲಿಂದ ತರೋದು ಹೇಳಿ! ಕೊನೆಗೆ ಸೌಂಡ್ ಕೇಳೋಕೆ ಅಂತಾನೇ ನೈಸ್ ರೋಡಲ್ಲಿ ಟೋಲ್ ಕಟ್ಟಿದ್ವಿ.

ಅಲ್ಲಿ ಅವನು ಕಣ್ಮುಚ್ಕೊಂಡು ಕೇಳ್ದ. ನ್ಯೂಟ್ರಲ್‌ಗೆ ಹಾಕ್ಸಿದ, ಇಂಜಿನ್ ಸದ್ದು ಇಳೀತು, ಊಂ ನಿಲ್ಲಲಿಲ್ಲ. ಆಕ್ಸಿಲರೇಟರ್ ಒತ್ತಿ ಬಿಟ್ಟು ಮಾಡ್ಸಿದ, ಅದೇ ಶ್ರುತಿ. 'ಆಕ್ಸಲ್ ಮಧ್ಯದ ಗೇರು, ಕ್ರೌನ್ ಪಿನಿಯನ್ ಆಗಿದ್ರೆ ಒತ್ತಿದಾಗ ಒಂದು ಥರ, ಬಿಟ್ಟಾಗ ಒಂದು ಥರ ಕೂಗ್ತಿತ್ತು ಸಾರ್, ಇದು ಬೇರಿಂಗೇ. ಆದ್ರೆ ಬಲಕ್ಕೆ ತಿರುಗಿಸಿದ್ರೆ ಭಾರ ಬೀಳೋದು ಎಡಗಡೆ ವೀಲ್ ಮೇಲೆ, ನೀವು ಚೆನ್ನಾಗಿರೋದನ್ನ ಬಿಚ್ಸಿದೀರಾ.' ಬಸ್ಸು ಬಲಕ್ಕೆ ತಿರುಗಿದಾಗ ನಾವು ಎಡಕ್ಕೆ ವಾಲಲ್ವಾ, ಅಷ್ಟು ಸಿಂಪಲ್ಲು, ನಂಗೇ ಹೊಳೀಲಿಲ್ಲ.

ಬಂದ ದಾರೀಲೇ ಠಣ್ಣೂ ನೋಡ್ಬಿಡು ಅಂದೆ. ಕೆಳಗೆ ತೂರಿ, ಹಿಂದಿನ ಚಕ್ರಗಳಿಗೆ ಇಂಜಿನ್ ಶಕ್ತಿ ಒಯ್ಯೋ ಉದ್ದನೆ ಪ್ರೊಪೆಲ್ಲರ್ ಶಾಫ್ಟ್ ಹಿಡಿದು ಆ ಕಡೆ ಈ ಕಡೆ ತಿರುಚಿದ, ಕಟಕ್ ಕಟಕ್ ಅಂತು. ಅದರ ಕೀಲಲ್ಲಿರೋ ಪ್ಲಸ್ ಆಕಾರದ ಕ್ರಾಸ್ ಬಿಚ್ಚಿದ್ರೆ ನಾಲ್ಕು ಕಪ್ಪಲ್ಲಿ ಒಂದ್ರಲ್ಲಿ ಗ್ರೀಸೇ ಇಲ್ಲ, ಸೂಜಿಯಂಥ ರೋಲರ್‌ಗಳು ಸವೆದು ಪಕ್ಕಾ ಕುಂಕುಮದ ಬಣ್ಣದ ತುಕ್ಕಿನ ಪುಡಿ. 'ಗ್ರೀಸ್ ಯಾವಾಗ ಹೊಡ್ಸಿದ್ರಿ ಸಾರ್?' ನಾನು ಆಕಾಶ ನೋಡ್ದೆ.

ಆ ಕ್ರಾಸನ್ನೇ ಪೇಪರಲ್ಲಿ ಸುತ್ಕೊಂಡು, ಗಾಡಿ ಸ್ಪೇರ್ ಪಾರ್ಟ್ಸ್ ಅಂಗಡಿಗಳಿರೋ ಜೆ.ಸಿ. ರೋಡಿಗೆ ಹೋದೆ. ಅಂಗಡಿಯವ್ರು 'ಮುಂದಿನ ಶಾಫ್ಟ್‌ದಾ, ಹಿಂದಿನದಾ?' ಅಂದ್ರು, ಫೋರ್ ವೀಲ್ ಅಲ್ವಾ, ಶಕ್ತಿ ಹಂಚೋ ಟ್ರಾನ್ಸ್‌ಫರ್ ಕೇಸಿಂದ ಎರಡೂ ಕಡೆಗೆ ಒಂದೊಂದು ಹೋಗುತ್ತೆ. ಹಿಂದಿನದು ಅಂತ ಗತ್ತಲ್ಲಿ ಹೇಳ್ದೆ, ಆದ್ರೂ ಅವ್ರು ನನ್ನ ನಂಬದೆ ವರ್ನಿಯರ್ ಇಟ್ಟು ಅಳೆದೇ ಕೊಟ್ರು, ಬುದ್ಧಿವಂತ್ರು.

ಸಂಜೆ ಎರಡೂ ರಿಪೇರಿ ಆಯ್ತು. ಮನೆ ಮುಂದೆ ರಿವರ್ಸ್ ಹಾಕಿ ಒಳಗೆ ತಗೊಂಡೆ, ಗಪ್‌ಚುಪ್. ಖುಷೀಲಿ ಕೈಕಾಲು ತೊಳ್ಕೊಂಡು ಬಂದು ತಟ್ಟೆ ಮುಂದೆ ಕೂತ್ರೆ ಒಲೆ ತಣ್ಣಗಿದೆ, ಹಿಟ್ಟು ಇನ್ನೂ ಫ್ರಿಜ್ಜಲ್ಲಿದೆ, ಅಮ್ಮ ಸೀರಿಯಲ್ ನೋಡ್ತಿದಾರೆ.

'ಠಣ್ ಅನ್ನಲೇ ಇಲ್ವಲ್ಲೋ, ಇನ್ನೂ ಜೆ.ಸಿ. ರೋಡಲ್ಲೇ ಇದೀಯ ಅನ್ಕೊಂಡೆ.'